ಹನ್ನೆರಡನೇ ಕೋಣೆಯ ಮಂಚ

"ಮಂಡಿ ಮಡಚಿ ಎತ್ತಿ, ಸೊಂಟ ಬಗ್ಗಿಸಬೇಡಿ," ಎಂದು ಲಾರಿ ಡ್ರೈವರು ಮೆಟ್ಟಿಲ ಮೇಲಿಂದಲೇ ಗದರಿದ. ಶವದ ಪೆಟ್ಟಿಗೆಗೆ ಕೈಹಾಕಿದ್ದ ನಾಲ್ವರೂ ತಟ್ಟನೆ ಮಂಡಿ ಮಡಚಿದರು. ಡ್ರೈವರೂ ಸೇರಿ ಎಲ್ಲರೂ ಒಂದಲ್ಲ ಒಂದು ಕಾಲಕ್ಕೆ ಪೆಟ್ಟಿಗೆಯಲ್ಲಿದ್ದ ಡಾಕ್ಟರಿಗೆ ಬೆನ್ನುನೋವೆಂದು ತೋರಿಸಿಕೊಂಡವರೇ. ಅವರ ಈ ಬೈಗುಳ ಇನ್ನೂ ಬಾಯಿಪಾಠವಾಗಿತ್ತು. ಮೂರು ದಿನದಿಂದ ನಿದ್ದೆಗೆಟ್ಟಿದ್ದ ಡಾಕ್ಟರ ಮಗಳು ಗೋಡೆಗೆ ಒರಗಿ ನೋಡುತ್ತಿದ್ದಳು. ನಗು ಬಂತು, ನಗುವಷ್ಟು ತ್ರಾಣ ಇರಲಿಲ್ಲ.

ಅವಳೂ ಡಾಕ್ಟರೇ. ಅಪ್ಪನಿದ್ದ ಆಸ್ಪತ್ರೆಯಲ್ಲೇ, ಅವರ ವಿಭಾಗಕ್ಕೇ ಮುಖ್ಯಸ್ಥೆ. ಅಪ್ಪನ ಕೈಗುಣ ಮಗಳಿಗೆ ಬಾರದೆ ಇರುತ್ತದೆಯೇ ಎಂದು ಬಂದವರೆಲ್ಲ ಸಮಾಧಾನ ಹೇಳುತ್ತಿದ್ದರು. ಅಪ್ಪನ ಹಳೆಯ ರೋಗಿ ಟೈಲರಮ್ಮ ಮಾತ್ರ ಕೇಳಿಯೇಬಿಟ್ಟಳು.

"ಅಷ್ಟು ಚೆನ್ನಾಗಿ ನೋವು ತೆಗೀತಿದ್ದೋರು ಆಮೇಲೆ ಯಾಕಮ್ಮ ಬರೀ ಮಾತ್ರೆ ಬರೆದು ಕಳಿಸ್ತಿದ್ರು? ವಯಸ್ಸಾಯ್ತು ಅಂತಾನಾ?"

"ಹೂಂ," ಎಂದಳು ಮಗಳು. ನಿಜ ಹೇಳುವ ಧೈರ್ಯ ಸಾಲಲಿಲ್ಲ.

*

ಒಬ್ಬ ರೋಗಿಗೆ ಎಂಟೇ ನಿಮಿಷ ಎಂದು ಆಡಳಿತದವರು ಗೆರೆ ಎಳೆದಿದ್ದರು. ಕೈಯಿಂದ ಒತ್ತಿಯೇ ನೋವು ತೆಗೆಯುತ್ತಿದ್ದ ಅಪ್ಪನಿಗೆ ಅಂಗೈ ಉಜ್ಜಿ ಬಿಸಿ ಮಾಡಿಕೊಳ್ಳುವುದಕ್ಕೇ ಒಂದು ನಿಮಿಷ ಬೇಕು. ಹೊರಗೆ ಸಾಲು ಬೆಳೆಯುತ್ತಿತ್ತು. ಜೊತೆಯ ಡಾಕ್ಟರುಗಳು 'ಮಾಲೀಶು ಸಾಹೇಬರು' ಎಂದು ಆಡಿಕೊಳ್ಳುತ್ತಿದ್ದರು. ಕಲಿಯಲು ಬಂದವರೂ ಎರಡು ದಿನ ನೋಡಿ, ಪರೀಕ್ಷೆಗೆ ಬಾರದ ವಿದ್ಯೆ ಯಾಕೆಂದು ಕೈಬಿಡುತ್ತಿದ್ದರು. ಮಗಳೂ ಹಾಗೆ ಬಿಟ್ಟವಳೇ. ಅಪ್ಪ ಕೂರುತ್ತಿದ್ದ ಹನ್ನೆರಡನೇ ಕೋಣೆಯಲ್ಲಿ ರೋಗಿಯನ್ನು ಮಲಗಿಸುವ ಮಂಚ ತೆಗೆದು ಕಂಪ್ಯೂಟರ್ ಮೇಜು ಹಾಕುವ ಕಾಗದ ಬಂದಾಗ ಸಹಿ ಹಾಕಿದ್ದೂ ಅವಳೇ.

ಅಪ್ಪ ಜಗಳಕ್ಕೆ ಬರಲಿಲ್ಲ. "ಇನ್ನು ಎಲ್ಲಿ ಮಲಗಿಸ್ಲಿ ಮಗಳೇ?" ಎಂದಷ್ಟೇ ಕೇಳಿದ್ದರು.

"ಫಿಸಿಯೋಥೆರಪಿಗೆ ಕಳ್ಸಪ್ಪ. ಎಲ್ಲಾ ನೀನೇ ಮಾಡ್ಬೇಕಾ?"

ಅಲ್ಲಿ ಮೂರು ತಿಂಗಳು ಕಾಯಬೇಕೆಂಬುದು ಇಬ್ಬರಿಗೂ ಗೊತ್ತಿತ್ತು.

*

ಎಲ್ಲ ಮುಗಿಸಿ ಮನೆಗೆ ಬಂದಾಗ ಸಂಜೆಯಾಗಿತ್ತು. ಅಮ್ಮ ಕತ್ತು ಸೊಟ್ಟ ಮಾಡಿಕೊಂಡು ಕುರ್ಚಿಯಲ್ಲಿ ಕೂತಿದ್ದಳು. ಆಸ್ಪತ್ರೆಯ ಬೆಂಚಿನ ಮೇಲೆ ಮೂರು ರಾತ್ರಿ ಕಳೆದ ಕತ್ತು ಯಾವ ಕಡೆಗೂ ತಿರುಗುತ್ತಿರಲಿಲ್ಲ. ಮಗಳು ಅಭ್ಯಾಸಬಲದಿಂದ ಮಾತ್ರೆಗಾಗಿ ಕೈಚೀಲ ತಡಕಿದಳು. ಆಮೇಲೆ ಅದನ್ನು ಅಲ್ಲೇ ಬಿಟ್ಟು, ಅಮ್ಮನ ಹಿಂದೆ ನಿಂತು ಕತ್ತಿನ ಮೇಲೆ ಕೈಯಿಟ್ಟಳು. ಎಲ್ಲಿ ಒತ್ತಬೇಕೋ ತಿಳಿಯಲಿಲ್ಲ. ಇಪ್ಪತ್ತು ವರ್ಷ ಡಾಕ್ಟರಾಗಿದ್ದವಳಿಗೆ ನಾಚಿಕೆಯಾಯಿತು.

"ನಂಗೆ ಬರಲ್ಲಮ್ಮ. ಅಪ್ಪನ ಮಂಚ ತೆಗೆಸಿದ್ದೂ ನಾನೇ."

"ಗೊತ್ತು. ಅವತ್ತೇ ಹೇಳಿದ್ರು," ಎಂದಳು ಅಮ್ಮ.

ಅಮ್ಮ ಕೈ ಹಿಂದಕ್ಕೆ ಚಾಚಿ, ಮಗಳ ಹೆಬ್ಬೆರಳು ಹಿಡಿದು ಎರಡು ಬೆರಳಷ್ಟು ಕೆಳಕ್ಕೆ ಸರಿಸಿ, ಅದರ ಮೇಲೆ ತನ್ನ ಬೆರಳಿಟ್ಟು ಒತ್ತಿದಳು.