ಅಲುಗದ ನೆಲ

ಕಾಲೆರಡನ್ನೂ ಜೋಡಿಸಿ, ಕಣ್ಣು ಮುಚ್ಚಿ, ಸುಮ್ಮನೆ ನಿಲ್ಲಬೇಕು. ಅಷ್ಟೇ. ಯೋಗದ ಕೋಣೆಯಲ್ಲಿ ಮಿಕ್ಕವರೆಲ್ಲ ಅದನ್ನು ಮುಗಿಸಿ ಮುಂದಿನದಕ್ಕೆ ಹೋಗಿದ್ದರು. ಕಂಡಕ್ಟರು ಮಾತ್ರ ಕಣ್ಣು ಮುಚ್ಚಿದ ಕೂಡಲೇ ಹಿಂದಕ್ಕೆ ವಾಲಿ, ಪಕ್ಕದ ಹೆಂಗಸಿನ ಭುಜ ಹಿಡಿದುಕೊಂಡು, "ತಪ್ಪಾಯ್ತಮ್ಮ" ಅಂದರು.

"ಇರಲಿ ಬಿಡಿ, ನಾನೇನೂ ಅಷ್ಟು ಗಟ್ಟಿಯಾಗಿ ನಿಂತಿಲ್ಲ," ಅಂದರು ಆಕೆ.

ತಾವೇಕೆ ವಾಲಿದೆವೆಂದು ಕಂಡಕ್ಟರಿಗೆ ತಲೆಬುಡ ಅರ್ಥವಾಗಲಿಲ್ಲ. ನಿವೃತ್ತಿಯಾಗುವವರೆಗೂ ಓಡುವ ಬಸ್ಸಿನಲ್ಲಿ ನಿಂತೇ ಬದುಕಿದವರು ಅವರು. ಒಂದು ಕೈಯಲ್ಲಿ ಟಿಕೆಟ್ಟಿನ ಕಟ್ಟು, ಇನ್ನೊಂದರಲ್ಲಿ ಚಿಲ್ಲರೆ. ಕಂಬಿ ಹಿಡಿಯಲು ಮೂರನೆಯ ಕೈ ಯಾವ ಕಂಡಕ್ಟರಿಗಿದೆ? ಡ್ರೈವರು ಎಂಥ ತಿರುವಿನಲ್ಲಿ ಬ್ರೇಕ್ ಒತ್ತಿದರೂ ಪ್ರಯಾಣಿಕರು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರೇ ಹೊರತು ಇವರ ಹೆಜ್ಜೆ ಕದಲುತ್ತಿರಲಿಲ್ಲ. ಡಿಪೋದಲ್ಲಿ ಇವರಿಗಿದ್ದ ಅಡ್ಡಹೆಸರೇ 'ಕಂಬ'.

ಯೋಗಕ್ಕೆ ಬಂದದ್ದು ಆರೋಗ್ಯದ ಹುಚ್ಚಿನಿಂದಲ್ಲ. ಒಂದು ಸಂಜೆ ಮಗಳ ಮನೆಯಲ್ಲಿ ಪುಟ್ಟ ಮೊಮ್ಮಗಳನ್ನು ಎತ್ತಿಕೊಂಡು ಅತ್ತಿಂದಿತ್ತ ಓಡಾಡುತ್ತಿದ್ದಾಗ, ಸಪಾಟು ನೆಲದ ಮೇಲೆ ಮುಗ್ಗರಿಸಿದರು. ಭುಜ ಗೋಡೆಗೆ ಬಡಿಯಿತು. ಎದೆಗವಚಿಕೊಂಡಿದ್ದ ಮಗುವಿಗೆ ಏನೂ ಆಗಲಿಲ್ಲ. "ಏನಿಲ್ಲಮ್ಮ, ಈ ಕಾಲೊರಸು ಜಾರ್ತು" ಅಂದರು. ಮಗಳು ಕಾಲೊರಸನ್ನು ನೋಡಿದಳು. ಅದು ದೂರದಲ್ಲಿ, ಬಾಗಿಲ ಬಳಿ, ತನ್ನ ಪಾಡಿಗೆ ಬಿದ್ದಿತ್ತು. ಅವಳು ಬಂದು ಮಗುವನ್ನು ತೆಗೆದುಕೊಂಡಳು.

ಅಂದಿನಿಂದ ಇವರು ಕೈ ಚಾಚಿದಾಗಲೆಲ್ಲ ಒಂದಲ್ಲ ಒಂದು ನೆಪ. "ಈಗ ತಾನೇ ಹಾಲು ಕುಡಿದಿದೆ ಅಪ್ಪ, ಕಕ್ಕುತ್ತೆ." "ನಿದ್ದೆಗಣ್ಣಲ್ಲಿದೆ, ರಚ್ಚೆ ಹಿಡಿಯುತ್ತೆ." ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ನೆಪಕ್ಕೆ ಏನಂತ ಉತ್ತರ ಕೊಡುವುದು? "ನಾನು ಗಟ್ಟಿಯಾಗೇ ಇದೀನಿ ಕಣಮ್ಮ" ಎಂದು ಹೋದಾಗಲೆಲ್ಲ ಹೇಳಿದರು. ಅವಳು ತಲೆಯಾಡಿಸಿದಳು, ಮಗು ಮಾತ್ರ ಅವಳ ಸೊಂಟದ ಮೇಲೇ ಉಳಿಯಿತು. ಡಾಕ್ಟರು ಕಿವಿ ನೋಡಿ, ಕಣ್ಣು ನೋಡಿ, ಎಲ್ಲ ಸರಿಯಾಗಿದೆ, ಯೋಗ ಮಾಡಿ ಅಂದರು. ಎಲ್ಲ ಸರಿಯಾಗಿದ್ದರೆ ಯೋಗ ಯಾಕೆ ಎಂದು ಕೇಳಬೇಕೆನಿಸಿತು.

"ಅಂಕಲ್," ಅಂದಳು ಯೋಗದ ಟೀಚರು. ಮಗಳಿಗಿಂತ ಚಿಕ್ಕವಳು. "ನೀವು ನಿಂತಿಲ್ಲ. ಯಾವುದಕ್ಕೋ ಕಾಯ್ತಾ ಇದೀರಿ."

"ಬ್ರೇಕಿಗೆ," ಅಂದರು ಕಂಡಕ್ಟರು.

ಕೋಣೆಯೆಲ್ಲ ನಕ್ಕಿತು. ಅವರು ತಮಾಷೆಗೆ ಹೇಳಿರಲಿಲ್ಲ.

ಮಾರನೆಯ ದಿನ ತಮ್ಮ ಹಳೆಯ ರೂಟಿನ ಬಸ್ಸು ಹತ್ತಿ, ನಡುವೆ ನಿಂತು, ಬಸ್ಸು ತಿರುವಿಗೆ ಬಂದಾಗ ಒಂದು ಕಾಲನ್ನು ಮೆಲ್ಲಗೆ ಮೇಲಕ್ಕೆತ್ತಿದರು. ಮೈ ಒಂದಿಷ್ಟೂ ವಾಲಲಿಲ್ಲ.

"ಕಾಲು ಕೆಳಗಿಡಿ ಯಜಮಾನ್ರೇ," ಅಂದ ಹೊಸ ಕಂಡಕ್ಟರು. "ಎರಡು ಕಾಲಿಗೂ ಸೇರಿ ಒಂದೇ ಟಿಕೆಟ್ಟು."

ಹಾಗಾದರೆ ತಪ್ಪು ತಮ್ಮದಲ್ಲ, ನೆಲದ್ದು! ಮನೆಗೆ ಬಂದವರೇ ಮಂಚದ ಮೇಲೆ ಹತ್ತಿ ನಿಂತು, ಮಂಚ ಅಲುಗಿಸು ಎಂದು ಹೆಂಡತಿಗೆ ದುಂಬಾಲು ಬಿದ್ದರು.

"ಯೋಗಕ್ಕೆ ಹೋದೋರು ಶಾಂತವಾಗಿ ಬರ್ತಾರಂತೆ. ನನ್ನ ಹಣೇಬರಹ ನೋಡಿ," ಎನ್ನುತ್ತ ಆಕೆ ಒಗೆದ ಬಟ್ಟೆ ಮಡಚುತ್ತಲೇ ಕಾಲಿನಿಂದ ಮಂಚವನ್ನು ಅಲುಗಿಸಿದರು. ಕಂಡಕ್ಟರು ಕಣ್ಣು ಮುಚ್ಚಿ ನೆಟ್ಟ ಗೂಟದಂತೆ ನಿಂತರು. ಹಾಲು ಉಕ್ಕೀತೆಂದು ಆಕೆ ಒಳಗೋಡಿದರು. ಮಂಚ ನಿಂತಿತು. ಇವರು ದೊಪ್ಪನೆ ಕುಸಿದು ಕೂತರು.

"ನೋಡಿದೆಯಾ?" ಎಂದು ಕೂಗಿದರು.

"ಏನನ್ನ?"

ಅವರು ಮೆಲ್ಲಗೆ ಮಂಚದಿಂದ ಕೆಳಗಿಳಿದರು.

ಆಮೇಲೆ ಒಂದು ಉಪಾಯ ಹೊಳೆಯಿತು. ಯೋಗದ ಕೋಣೆಯಲ್ಲಿ ಕಣ್ಣು ಮುಚ್ಚಿ ನಿಂತಾಗ ಮೈಯನ್ನು ಯಾರಿಗೂ ಕಾಣದಷ್ಟು ತೂಗತೊಡಗಿದರು. ತಮ್ಮ ಬಸ್ಸನ್ನು ತಾವೇ ಓಡಿಸಿಕೊಂಡಂತೆ. ನಿಲ್ಲಲು ಬಂತು. ಆದರೆ ಟೀಚರ ಕಣ್ಣು ತಪ್ಪಿಸುವುದು ಸುಲಭವಲ್ಲ.

"ತೂಗಾಡಬೇಡಿ ಅಂಕಲ್."

"ತೂಗಾಡದಿದ್ರೆ ಬೀಳ್ತೀನಮ್ಮ."

"ಬೀಳಿ ಹಾಗಾದ್ರೆ." ಅವಳು ಎರಡು ದಪ್ಪ ಹಾಸು ತಂದು ಪಕ್ಕದಲ್ಲಿ ಹರಡಿದಳು.

ಕಂಡಕ್ಟರು ಕಕ್ಕಾಬಿಕ್ಕಿಯಾದರು. ಬೀಳಿ ಎಂದು ಯಾರಾದರೂ ಹೇಳುತ್ತಾರೆಯೇ? ಅವಳು ನಗುತ್ತಿರಲಿಲ್ಲ. ಅವರು ಕಣ್ಣು ಮುಚ್ಚಿ, ತೂಗುವುದನ್ನು ನಿಲ್ಲಿಸಿದರು. ಪಾದದ ಕೆಳಗೆ ಏನೂ ನಡುಗುತ್ತಿರಲಿಲ್ಲ. ಎಂಜಿನ್ನಿನ ಸದ್ದಿಲ್ಲ, ಬ್ರೇಕಿಲ್ಲ, ಮುಂದಿನ ನಿಲ್ದಾಣವೂ ಇಲ್ಲ. ಇಷ್ಟೊಂದು ಸುಮ್ಮನಿರುವ ಜಾಗದಲ್ಲಿ ಯಾವುದಕ್ಕೆ ಎದುರಾಗಿ ನಿಲ್ಲುವುದೆಂದು ಮೈಗೆ ತಿಳಿಯಲಿಲ್ಲ. ಮೂಟೆಯಂತೆ ಪಕ್ಕಕ್ಕೆ ಉರುಳಿದರು.

ಯಾರೂ ನಗಲಿಲ್ಲ. ನೋವೂ ಆಗಲಿಲ್ಲ. ಅಲ್ಲೇ ಅಂಗಾತ ಮಲಗಿ ಸೂರು ನೋಡಿದರು. ಗಂಟಲಲ್ಲಿ ನಗೆಯಂಥದ್ದೊಂದು ಉಕ್ಕಿ ಬಂತು, ಕಣ್ಣಲ್ಲಿ ಮಾತ್ರ ನೀರು. ಯಾವುದನ್ನು ನಂಬುವುದು?

ಅಲ್ಲಿಂದ ಸೀದಾ ಮಗಳ ಮನೆಗೆ ನಡೆದರು. ಅವಳು ಮಗುವನ್ನು ಸೊಂಟದ ಮೇಲಿಟ್ಟುಕೊಂಡೇ ಒಂದೇ ಕೈಯಲ್ಲಿ ದಿಂಬಿಗೆ ಕವರು ಹಾಕಲು ಒದ್ದಾಡುತ್ತಿದ್ದಳು. ಈಗ ನಿಜಕ್ಕೂ ಗಟ್ಟಿಯಾಗಿದೀನಿ ಎಂದು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದರು. ಬಾಯಿಂದ ಬಂದದ್ದೇ ಬೇರೆ.

"ಇವತ್ತು ಬಿದ್ದೆ ಕಣಮ್ಮ."

"ಅಯ್ಯೋ, ಎಲ್ಲಿ? ಏಟಾಯ್ತಾ?"

"ಇಲ್ಲ. ನಿಂತಲ್ಲೇ ಬಿದ್ದೆ. ಯಾಕೆ ಅಂತ ಗೊತ್ತಿಲ್ಲ. ಇನ್ನೂ ಬೀಳ್ತೀನೇನೋ."

ಅರ್ಧ ತೊಡಿಸಿದ ಕವರು ದಿಂಬಿನಿಂದ ಜೋತುಬಿದ್ದಿತ್ತು. ಮಗು ತಾಯಿಯ ಕೊರಳ ಬಳಿಯ ಬಟ್ಟೆಯನ್ನು ಜಗ್ಗುತ್ತಿತ್ತು. ಮಗಳು ಕುರ್ಚಿ ಎಳೆದಳು.

"ಕೂತ್ಕೋ ಅಪ್ಪ."

ಕೂತರು. ಮಗುವನ್ನು ಅವರ ತೊಡೆಯ ಮೇಲಿಟ್ಟು, ಅವರ ಎರಡೂ ಕೈಗಳನ್ನು ಅದರ ಸುತ್ತ ತಂದು, ಅವಳು ಎರಡು ಕೈಯಲ್ಲೂ ದಿಂಬು ಹಿಡಿದು ಒಳಗೆ ಹೊರಟಳು.

"ಬೀಳ್ತೀನಿ ಅಂತ ಹೇಳ್ದೆನಲ್ಲೇ!" ಅಂದರು, ಅವಳ ಬೆನ್ನಿಗೆ.

"ಹೇಳ್ದೆಯಲ್ಲ, ಅದಕ್ಕೇ ಕೊಟ್ಟೆ," ಎಂದು ಒಳಗಿನಿಂದ ದನಿ ಬಂತು.

ಗಟ್ಟಿಯಾಗಿದೀನಿ ಅಂದಾಗ ಕೊಡದವಳು, ಬೀಳುತ್ತೀನಿ ಅಂದಾಗ ಕೊಟ್ಟಳು. ಇದು ಯಾವ ಲೆಕ್ಕ? ಎಷ್ಟು ತಿರುಗಿಸಿ ನೋಡಿದರೂ ತಳಬುಡ ಸಿಗಲಿಲ್ಲ. ಯೋಚಿಸುತ್ತಿರುವಾಗಲೇ ತೊಡೆ ಬೆಚ್ಚಗೆ ಒದ್ದೆಯಾಗತೊಡಗಿತು. ಮಗಳನ್ನು ಕರೆಯಲು ಬಾಯಿ ತೆರೆದರು. ಕರೆದರೆ ಅವಳು ಬಂದು ಮಗುವನ್ನು ತೆಗೆದುಕೊಂಡುಬಿಡುತ್ತಾಳೆ.

ಬಾಯಿ ಮುಚ್ಚಿಕೊಂಡು ಅಲುಗಾಡದೆ ಕೂತರು.