ಮೊಣಕಾಲಿನ ಮಹಿಮೆ

ಫಿಸಿಯೋಥೆರಪಿ ಕೋಣೆಯ ಪರದೆ ಸರಿಸಿ ಒಳಬಂದ ಮುದುಕರನ್ನು ಕಂಡೊಡನೆ ಚಿಕಿತ್ಸೆ ಕೊಡಲು ನಿಂತಿದ್ದ ಇವಳ ಎಡಗಾಲು ತಾನಾಗಿ ಬಿಗಿದುಕೊಂಡಿತು. ಕರಾಟೆ ಗುರುಗಳು! ಭುಜದ ಆಪರೇಷನ್ ಆಗಿ ಬಲಗೈ ಪಟ್ಟಿಯಲ್ಲಿ ನೇತಾಡುತ್ತಿತ್ತು. ಪಕ್ಕದಲ್ಲಿ ಸೊಸೆ. ಗುರುಗಳಿಗೆ ಇವಳ ಗುರುತು ಹತ್ತಲಿಲ್ಲ.

ಹೈಸ್ಕೂಲಿನ ದಿನಗಳಲ್ಲಿ ಇವಳು ಅವರ ಮುಂದೆ ನೆಲಕ್ಕೆ ಹಣೆ ಹಚ್ಚದ ಸಂಜೆಯೇ ಇರಲಿಲ್ಲ. ಗ್ಯಾರೇಜಿನ ಮೇಲಿನ ಹಾಲ್, ಎದುರು ಗೋಡೆಯಲ್ಲಿ ಒಂದು ದೀಪ, ದೀಪದ ಹಿಂದೆ ಗುರುಗಳ ಗುರುಗಳ ಪಟ. “ಇದು ಹೊಡೆದಾಟ ಅಲ್ಲ, ತಪಸ್ಸು. ಮೈ ಸುಳ್ಳು, ಮನಸ್ಸು ನಿಜ” ಎನ್ನುತ್ತಿದ್ದರು. ಇವಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು.

ಒಂದು ಸಂಜೆ ಜೊತೆಗಾತಿಯ ಒದೆತ ತಪ್ಪಿಸಲು ಹೋಗಿ ಮೊಣಕಾಲು ತಿರುಚಿತು. ಒಳಗೆ ಏನೋ ಪಟ್ಟೆಂದಿತು. ಆಸ್ಪತ್ರೆಗೆ ಹೋಗುತ್ತೇನೆ ಎಂದರೆ ಗುರುಗಳು ಬಿಡಲಿಲ್ಲ.

“ಮಂಡಿ ಊರಿ ಕೂತ್ಕೊ. ಉಸಿರು ನೋಡ್ತಾ ಇರು. ನೋವು ಬಂದ ದಾರೀಲೇ ವಾಪಸ್ ಹೋಗತ್ತೆ.”

ಹಲ್ಲು ಕಚ್ಚಿಕೊಂಡು ಕೂತಳು. ಮರುದಿನವೂ ಕೂತಳು, ಅದರ ಮರುದಿನವೂ. ಕಾಲು ಕುಂಬಳಕಾಯಿಯಂತೆ ಊದಿಕೊಂಡಾಗ ಅಮ್ಮ ದಡದಡನೆ ಮೆಟ್ಟಿಲು ಹತ್ತಿ ಬಂದಳು. “ತಪಸ್ಸು ಮಾಡೋ ಆಸೆ ಇದ್ರೆ ನಿಮ್ಮ ಕಾಲು ಮುರ್ಕೊಂಡು ಮಾಡಿ, ನನ್ ಮಗಳದ್ದಲ್ಲ” ಎಂದು ಗುರುಗಳ ಮುಖಕ್ಕೇ ಹೇಳಿ ಎಳೆದುಕೊಂಡು ಹೋದಳು. ಆಗಲೇ ಕೆಡಬೇಕಾದ್ದೆಲ್ಲ ಕೆಟ್ಟಿತ್ತು. ಲಿಗಮೆಂಟ್ ಹರಿದ ಕಾಲಿನ ಮೇಲೇ ಭಾರ ಹಾಕಿ ಕೂತು ಕೀಲು ನುಗ್ಗಾಗಿತ್ತು. ಡಾಕ್ಟರು ಕೊಯ್ದು ಹೊಲಿದರು. ಕುಂಟು ಮಾತ್ರ ಉಳಿಯಿತು. ಗುರುಗಳು ಒಮ್ಮೆಯೂ ನೋಡಲು ಬರಲಿಲ್ಲ.

ಈಗ ಅವರ ಕೈಯನ್ನು ಇವಳು ಮೆಲ್ಲಗೆ ಮೇಲೆತ್ತಿದಳು. ಅರ್ಧ ಏರುವಷ್ಟರಲ್ಲಿ ಗುರುಗಳು ಕೋಣೆ ಕಿತ್ತುಹೋಗುವಂತೆ ಕೂಗಿದರು. “ಅಯ್ಯಯ್ಯೋ, ಬಿಡಮ್ಮಾ! ಇಂಜೆಕ್ಷನ್ ಆದ್ರೂ ಕೊಡಮ್ಮಾ!”

ಇವಳ ನಾಲಿಗೆಯ ತುದಿಗೆ ‘ಉಸಿರು ನೋಡ್ತಾ ಇರಿ’ ಎಂಬ ಮಾತು ಬಂತು. ನುಂಗಿಕೊಂಡಳು. ಬಿಸಿ ಶಾಖ ಕೊಟ್ಟು, ಮಾತ್ರೆಗೆ ಡಾಕ್ಟರನ್ನು ಕೇಳಲು ಸೊಸೆಗೆ ಹೇಳಿದಳು.

ವಾರಗಳು ಕಳೆದು ನೋವು ಇಳಿದಂತೆ ಗುರುಗಳಿಗೆ ಉಪದೇಶದ ಹುಕಿ ಮರಳಿತು. ಒಂದು ದಿನ ಮಲಗಿದಲ್ಲಿಂದಲೇ ಶುರು ಮಾಡಿದರು: “ನಮ್ಮಲ್ಲೊಬ್ಬಳು ಶಿಷ್ಯೆ ಇದ್ಲು ಕಣಮ್ಮಾ. ಮೊಣಕಾಲು ಹೋಯ್ತು. ದೀಪದ ಮುಂದೆ ಕೂತವಳು ವಾಸಿಯಾಗೋವರೆಗೂ ಏಳಲೇ ಇಲ್ಲ. ಎದ್ದಾಗ ಜಿಂಕೆ ಥರ ಓಡಿದ್ಲು! ಹೊಸದಾಗಿ ಬಂದವ್ರಿಗೆಲ್ಲ ಇವತ್ತಿಗೂ ಅವಳ ಕಥೇನೇ ಹೇಳೋದು.”

ಇವಳ ಕೈ ಅವರ ಭುಜದ ಮೇಲೆಯೇ ನಿಂತಿತು.

“ಅವಳು ನಾನೇ, ಗುರುಗಳೇ. ಓಡ್ಲಿಲ್ಲ. ಇವತ್ತಿಗೂ ಓಡೋಕೆ ಆಗಲ್ಲ.”

ಗುರುಗಳು ಅವಳ ಮುಖ ನೋಡಿದರು, ಕಾಲು ನೋಡಿದರು. ಸೊಸೆ ಕಿಟಕಿಯ ಕಡೆ ತಿರುಗಿದಳು.

“ನಡೀತಾ ಇದ್ದೀಯಲ್ಲಮ್ಮ” ಎಂದರು ಗುರುಗಳು.

ಇಷ್ಟು ವರ್ಷ ಅವರ ಬಾಯಿಂದ ಒಂದು ‘ತಪ್ಪಾಯ್ತು’ ಕೇಳುವ ಆಸೆ ತನ್ನೊಳಗೆ ಇತ್ತೆಂಬುದು ಅವಳಿಗೆ ಗೊತ್ತಾದದ್ದೇ ಆಗ. “ಆ ಕಥೆ ಇನ್ಮೇಲೆ ಹೇಳ್ಬೇಡಿ. ನಂಬಿಕೊಂಡು ಇನ್ನೊಬ್ರು ಕಾಲು ಕಳ್ಕೋತಾರೆ.”

“ಆಯ್ತಮ್ಮ, ಹಾಗೆ ಹೇಳಲ್ಲ” ಎಂದರು.

ಅವರ ಕೈ ಪೂರ್ತಿ ಸರಿಹೋಯಿತು. ಆಮೇಲೆ ಬರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಕಾಲೇಜು ಹುಡುಗಿಯೊಬ್ಬಳು ಊದಿದ ಪಾದ ಎಳೆದುಕೊಂಡು ಬಂದಳು. ಟೇಬಲ್ ಮೇಲೆ ಕೂತು ಇವಳನ್ನೇ ಕಣ್ಣರಳಿಸಿ ನೋಡಿದಳು.

“ಆ ಮೊಣಕಾಲಿನ ಶಿಷ್ಯೆ ನೀವೇ ಅಲ್ವಾ ಅಕ್ಕಾ? ಗುರುಗಳು ಹೇಳಿದ್ರು. ಧ್ಯಾನದಲ್ಲಿ ವಾಸಿ ಮಾಡ್ಕೊಂಡ ಶಕ್ತೀನ ಈಗ ರೋಗಿಗಳಿಗೆ ಹಂಚ್ತಾ ಇದ್ದೀರಂತೆ. ಅವರ ಭುಜಾನೂ ನಿಮ್ಮ ಸ್ಪರ್ಶದಿಂದಲೇ ವಾಸಿಯಾಯ್ತಂತೆ.”

ಇವಳು ಊದಿದ ಪಾದವನ್ನು ಒತ್ತಿ ನೋಡಿದಳು. “ಈ ಕಾಲಿಗೆ ಏಟು ಬಿದ್ದಿದ್ದು ಯಾವಾಗ?”

“ಹತ್ತು ದಿನ ಆಯ್ತು. ದೀಪದ ಮುಂದೆ ಕೂತು ನೋಡಿದೆ. ನನಗೆ ನಿಮ್ಮಷ್ಟು ಶ್ರದ್ಧೆ ಇಲ್ಲ ಅನ್ಸತ್ತೆ.”

ಇವಳು ತನ್ನ ಪ್ಯಾಂಟನ್ನು ಮೊಣಕಾಲಿನ ಮೇಲಕ್ಕೆ ಸರಿಸಿದಳು. ಉದ್ದಕ್ಕೆ ಹೊಲಿದ, ಗಂಟುಗಂಟಾದ ಗಾಯದ ಗುರುತು. “ನೋಡು. ಸರಿಯಾಗಿ ನೋಡು. ಇದು ಧ್ಯಾನ ಅಲ್ಲ, ಕತ್ತರಿ.”

ಹುಡುಗಿ ನೋಡಿದಳು. ಕಣ್ಣು ತುಂಬಿಕೊಂಡು, ಟೇಬಲ್‌ನಿಂದ ಕೆಳಗಿಳಿದು, ಬಗ್ಗಿ ಆ ಗಾಯಕ್ಕೆ ಹಣೆ ಹಚ್ಚಿದಳು.