ಹಲ್ಲಮ್ಮ

ಮುಂದಿನ ಸಾಲಿನ ಎರಡನೇ ಹಲ್ಲು ಕಟ್ಟಿಸಿದ್ದು, ಅದೂ ಕೆಟ್ಟದಾಗಿ, ಪಕ್ಕದ ಹಲ್ಲುಗಳೆಲ್ಲ ತುಸು ಹಳದಿ, ಇದೊಂದು ಮಾತ್ರ ಹೊಸ ವಾಶ್‌ಬೇಸಿನ್ನಿನ ಹಾಗೆ ಬಿಳಿ, ಯಾವ ಲ್ಯಾಬಿನವರು ಮಾಡಿದರೋ, ಬಣ್ಣ ಹೊಂದಿಸುವಷ್ಟೂ ಪುರುಸೊತ್ತಿರಲಿಲ್ಲವೇನೋ — ಏಳನೇ ಕೌಂಟರಿನ ಅಧಿಕಾರಿಣಿ ಮಾತಾಡುತ್ತಲೇ ಇದ್ದಾಳೆ, ಇವಳು ಗಾಜಿನ ಈಚೆ ಕೂತು ಆ ಹಲ್ಲನ್ನೇ ನೋಡುತ್ತಿದ್ದಾಳೆ, ಹದಿನೇಳು ವರ್ಷದಿಂದ ಹಲ್ಲಿನ ಸೆಟ್ಟು ಕಟ್ಟುತ್ತಿರುವ ಕೈ ಇವಳದು, ಎದುರಿಗೆ ಯಾರು ಬಾಯಿ ತೆರೆದರೂ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ, ಮಾತು ಆಮೇಲೆ, ಮಾತು ಈಗ ಬಂತು, ನಿಮ್ಮ ಯಜಮಾನರ ಮಗಳಿಗೆ ಹದಿನೆಂಟು ತುಂಬಿದೆ ಮೇಡಂ, ಹಾಗಾಗಿ ಅವರು ಇನ್ನು ಅವಲಂಬಿತ ಮಗು ಅಂತ ಆಗೋದಿಲ್ಲ. ಅವರು. ಮೂರು ವಾರದ ಕೆಳಗೆ ಮಗು, ಈಗ ಅವರು — ವಾಸದ ಪರ್ಮಿಟ್ಟು ನವೀಕರಿಸಲು ಅರ್ಜಿ ಕೊಟ್ಟಾಗ ಹುಡುಗಿಗೆ ಹದಿನಾರು ವರ್ಷ ಹತ್ತು ತಿಂಗಳು, ಇದೇ ಕಟ್ಟಡದ ಮೂರನೇ ಕೌಂಟರಿನಲ್ಲಿ ಇವಳೇ ಕೊಟ್ಟದ್ದು, ಮೊಹರು ಠಪ್ಪೆಂದು ಬಿದ್ದದ್ದನ್ನು ಕಣ್ಣಾರೆ ಕಂಡು ಮನೆಗೆ ಹೋದದ್ದು, ಆಮೇಲೆ ಹದಿನಾಲ್ಕು ತಿಂಗಳು ಆ ಫೈಲು ಯಾರದೋ ಕಪಾಟಿನಲ್ಲಿ ಕಾಲು ಚಾಚಿ ಮಲಗಿತ್ತು, ಕೇಳಲು ಬಂದಾಗಲೆಲ್ಲ ಪ್ರಗತಿಯಲ್ಲಿದೆ, ಪ್ರಗತಿಯಲ್ಲಿದೆ. ತಡ ಮಾಡಿದ್ದು ನಾವಲ್ಲವಲ್ಲ, ನೀವು, ಅಂದಳು ಇವಳು. ಅಧಿಕಾರಿಣಿ ತಲೆ ಆಡಿಸಿದಳು, ಹೌದು ಮೇಡಂ, ಆದರೆ ಲೆಕ್ಕಕ್ಕೆ ಬರೋದು ನಾವು ಫೈಲು ತೆರೆದ ದಿನ, ನೀವು ಕೊಟ್ಟ ದಿನ ಅಲ್ಲ. ಎಷ್ಟು ಮೆತ್ತಗಿನ ದನಿ, ಬೈದಿದ್ದರೂ ವಾಸಿಯಿತ್ತು, ಬೈದರೆ ತಿರುಗಿ ಬೈಯಬಹುದು, ಈ ಬೆಣ್ಣೆಗೆ ಎಲ್ಲಿ ಅಂತ ಚಾಕು ಹಾಕುವುದು.

ಕುರ್ಚಿಯ ಹಿಂದೆ ಹುಡುಗಿ ನಿಂತಿದ್ದಾಳೆ, ಪಕ್ಕದಲ್ಲಿ ಗಂಡ ತಲೆ ತಗ್ಗಿಸಿ ತನ್ನ ಅಂಗೈ ನೋಡಿಕೊಳ್ಳುತ್ತಿದ್ದಾನೆ, ಲೇತಿನ ಎಣ್ಣೆ ಗೆರೆಗೆರೆಯಲ್ಲೂ ಕೂತ ಅಂಗೈ, ಬೇರೆ ದೇಶದಿಂದ ಬಂದು ಹದಿಮೂರು ವರ್ಷ ಇಲ್ಲಿಯ ಕಬ್ಬಿಣ ಕಡೆದವನು, ಇವಳನ್ನು ಕಟ್ಟಿಕೊಂಡದ್ದಕ್ಕೆ ಎರಡೆರಡು ವರ್ಷಕ್ಕೊಂದು ಪರ್ಮಿಟ್ಟು, ಅವನ ಬೆನ್ನಿಗೆ ಜೋತುಬಿದ್ದು ದೊಡ್ಡವಳದು, ಚಿಕ್ಕವಳು ಇಲ್ಲೇ ಹುಟ್ಟಿದ್ದರಿಂದ ಇವಳ ಹಾಗೆ ಇಲ್ಲಿಯವಳು — ಒಂದೇ ಬಾಗಿಲು, ಒಂದೇ ಒಲೆ, ಒಂದೇ ಬಚ್ಚಲು, ಕಾನೂನು ಮಾತ್ರ ಮೂರು. ಬಂದಾಗ ಐದು ವರ್ಷದ ಹುಡುಗಿ, ಅಪ್ಪನ ಪ್ಯಾಂಟಿನ ಹಿಂದೆ ಅಡಗಿ ಒಂದು ಕಣ್ಣು ಮಾತ್ರ ಹೊರಗೆ, ಅಮ್ಮ ಅನ್ನು ಅಂದರೆ ಅನ್ನಳು, ಒಂದು ಭಾನುವಾರ ಇವಳ ಲ್ಯಾಬಿಗೆ ಬಂದು ಕಪಾಟಿನ ತುಂಬ ದವಡೆಗಳನ್ನು ಕಂಡು ಹೆದರಲಿಲ್ಲ, ಕಿಸಕ್ಕನೆ ನಕ್ಕಳು, ಹಲ್ಲಮ್ಮ ಅಂದಳು. ಅಂದಿನಿಂದ ಅದೇ ಹೆಸರು, ಶಾಲೆಯ ಗೇಟಿನಲ್ಲೂ, ಜ್ವರದಲ್ಲೂ, ಬಾತ್‌ರೂಮಿನಿಂದ ಟವೆಲ್ಲು ಬೇಕಾದಾಗಲೂ ಹಲ್ಲಮ್ಮ, ಚಿಕ್ಕವಳೂ ಅದನ್ನೇ ಕಲಿತಳು, ಅವಳನ್ನು ಹೆತ್ತ ಇವಳಿಗೂ ಅದೇ ಗತಿ. ಪ್ರತಿ ಹುಟ್ಟುಹಬ್ಬಕ್ಕೆ ಹುಡುಗಿಯ ಹಲ್ಲಿನ ಅಚ್ಚು ತೆಗೆದು ಪ್ಲಾಸ್ಟರಿನಲ್ಲಿ ಎರೆದಿಟ್ಟಿದ್ದಾಳೆ, ಹಾಲುಹಲ್ಲು, ಬಿದ್ದ ಹಲ್ಲಿನ ಕಿಂಡಿ, ಓರೆಯಾಗಿ ಬಂದ ಕೋರೆ, ತಂತಿ ಹಾಕಿ ನೇರ ಮಾಡಿದ್ದು, ಹದಿಮೂರು ದವಡೆ, ಒಂದೊಂದರ ತಳದಲ್ಲೂ ತಾರೀಖು, ಸಂಬಂಧಕ್ಕೆ ಪುರಾವೆ ತನ್ನಿ ಅಂದಿದ್ದರಲ್ಲ, ಬೂಟಿನ ಡಬ್ಬದಲ್ಲಿ ಹತ್ತಿ ಇಟ್ಟು ತಂದು ಗಾಜಿನ ಕೆಳಗಿನ ಕಿಂಡಿಗೆ ನೂಕಿದ್ದಳು, ಡಬ್ಬ ಕಿಂಡಿಯಲ್ಲಿ ತೂರಲಿಲ್ಲ. ಇದು ಸ್ಕ್ಯಾನ್ ಆಗಲ್ಲ ಮೇಡಂ. ನಿಮ್ಮದು ಅಂತ ಕಾಗದ ಏನಾದರೂ ಇದೆಯಾ, ದತ್ತು ಪತ್ರ. ಇಲ್ಲ, ದತ್ತಿಗೆ ಹೆತ್ತ ತಾಯಿಯ ಒಪ್ಪಿಗೆ ಬೇಕು, ಆಕೆ ಮಗು ಎರಡು ವರ್ಷದ್ದಿದ್ದಾಗ ಬಿಟ್ಟು ಹೋದವಳು, ಹಳೆಯ ವಿಳಾಸಕ್ಕೆ ಬರೆದದ್ದು ನಾಲ್ಕು ಪತ್ರ, ನಾಲ್ಕೂ ಹಾಗೇ ವಾಪಸ್ಸು, ಇದನ್ನೂ ಹೇಳಿದಳು, ಅಧಿಕಾರಿಣಿ ಕೇಳಿಸಿಕೊಂಡು ಟೈಪು ಮಾಡಿದಳು, ಪರದೆಯ ಅಕ್ಷರ ಆಕೆಯ ಕನ್ನಡಕದಲ್ಲಿ ಬಿದ್ದು ಎಡಬಲ ತಿರುಗಿ ಕಾಣಿಸಿತು, ಅರ್ಜಿದಾರರೊಂದಿಗೆ ಸಂಬಂಧ, ಇಲ್ಲ. ಇಲ್ಲವಂತೆ. ಹೇನು ತೆಗೆದವಳು, ಮುಟ್ಟಾದ ದಿನ ಬಕೆಟ್ಟಿನ ಮುಂದೆ ಕೂರಿಸಿ ಬಟ್ಟೆ ಒಗೆಯಲು ಕಲಿಸಿದವಳು, ಗಣಿತದಲ್ಲಿ ಡುಮ್ಕಿ ಹೊಡೆದಾಗ ಬೆನ್ನಿಗೊಂದು ಹಾಕಿ ಆಮೇಲೆ ತಾನೇ ಅತ್ತವಳು, ಇಲ್ಲ.

ಹುಡುಗಿ ಇನ್ನು ಹೋಗಬೇಕಾದ ಅಪ್ಪನ ದೇಶದ ಭಾಷೆಯಲ್ಲಿ ಅವಳಿಗೆ ಬರುವುದು ಹತ್ತರವರೆಗೆ ಎಣಿಕೆ, ಒಂದು ಜೋಗುಳದ ಅರ್ಧ, ಮತ್ತೆ ಅಪ್ಪ ಸುತ್ತಿಗೆ ಬೆರಳಿಗೆ ಬಡಿದುಕೊಂಡಾಗ ಅನ್ನುವ ಒಂದು ಕೆಟ್ಟ ಮಾತು, ಅಷ್ಟು ಕಟ್ಟಿಕೊಂಡು ಅಲ್ಲಿ ಹೋಗಿ ಬಾಳಲಿ ಅನ್ನುತ್ತದೆ ಕಾನೂನು, ಮೂವತ್ತು ದಿನದಲ್ಲಿ. ಎರಡು ದಾರಿ ಇದೆ, ಅಂದಳು ಅಧಿಕಾರಿಣಿ. ಮೇಲ್ಮನವಿ ಹಾಕಬಹುದು, ಆದರೆ ಅಪ್ಪನದೂ ಮಗಳದೂ ಒಂದೇ ಫೈಲು, ತೀರ್ಪು ಬರೋವರೆಗೆ ಅಪ್ಪನ ನವೀಕರಣವೂ ನಿಲ್ಲುತ್ತೆ, ಅವರು ಕೆಲಸಕ್ಕೆ ಹೋಗೋ ಹಾಗಿಲ್ಲ, ವರ್ಷ ಆಗಬಹುದು, ಎರಡೂ ಆಗಬಹುದು, ಬಿದ್ದುಹೋದರೆ ಇಬ್ಬರೂ ಹೊರಡಬೇಕು. ಇಲ್ಲಾಂದ್ರೆ, ಮಗಳು ತಾವಾಗಿ ಹೊರಡ್ತೀನಿ ಅಂತ ಸಹಿ ಹಾಕಿದರೆ ಅವರ ಹೆಸರು ಬೇರೆ ಆಗುತ್ತೆ, ಅಪ್ಪನದು ಇವತ್ತೇ ಮುಂದೆ ಹೋಗುತ್ತೆ. ಗಂಡ ಮೊದಲ ಬಾರಿ ತಲೆ ಎತ್ತಿದ, ಮೇಲ್ಮನವಿ, ಅಂದ. ಇವಳೂ ಅದನ್ನೇ ಅಂದಳು, ಹಾಕಿ, ಎಷ್ಟು ವರ್ಷ ಆದರೂ ಹಾಕಿ, ನಾನು ಈ ಕುರ್ಚಿಯಿಂದ ಏಳೋದಿಲ್ಲ, ಕರೆಸಿ ನಿಮ್ಮ ದೊಡ್ಡವರನ್ನ — ದನಿ ಏರಿತು, ಹಿಂದಿನ ಬೆಂಚಿನವರು ಇತ್ತ ನೋಡಿದರು, ಕಾವಲಿನವನು ಒಂದು ಹೆಜ್ಜೆ ಇತ್ತ ಬಂದ, ಬರಲಿ, ಎತ್ತಿಕೊಂಡೇ ಹೋಗಲಿ ಅಂತ ಇವಳು ಕುರ್ಚಿಯ ಅಂಚು ಹಿಡಿದಳು, ಆಗ ಹಿಂದೆ ನಿಂತಿದ್ದ ಹುಡುಗಿ ಬಗ್ಗಿ ಗಾಜಿನ ರಂಧ್ರಕ್ಕೆ ಬಾಯಿ ತಂದಳು.

ನಾನು ಸಹಿ ಹಾಕಿದರೆ ಅಪ್ಪನದು ನಿಲ್ಲಲ್ಲ ಅಲ್ವಾ.

ನಿಲ್ಲಲ್ಲ. ನಾನು ದೊಡ್ಡವಳು ಅಲ್ವಾ ಈಗ, ಇವರ ಒಪ್ಪಿಗೆ ಬೇಕಿಲ್ಲ ಅಲ್ವಾ. ಬೇಕಿಲ್ಲ. ಅಧಿಕಾರಿಣಿ ಕಿಂಡಿಯಿಂದ ಒಂದು ನಮೂನೆ, ಒಂದು ಪೆನ್ನು ಹೊರಗೆ ನೂಕಿದಳು. ಮುಚ್ಚು ಬಾಯಿ ಅಂದಳು ಇವಳು, ಕೈ ಹಿಡಿದು ಎಳೆದಳು, ಹುಡುಗಿ ಕೈ ಕೊಸರಿಕೊಳ್ಳಲಿಲ್ಲ, ಹಿಡಿಸಿಕೊಂಡೇ ಇನ್ನೊಂದು ಕೈಯಲ್ಲಿ ಪೆನ್ನು ತೆಗೆದುಕೊಂಡಳು, ಹಲ್ಲಮ್ಮ, ಅಪ್ಪ ಕೆಲಸ ಇಲ್ಲದೆ ಮನೇಲಿ ಕೂತರೆ ಸತ್ತೇ ಹೋಗ್ತಾನೆ, ನಿನಗೂ ಗೊತ್ತು. ಗೊತ್ತು. ಗೊತ್ತಿದ್ದದ್ದನ್ನೇ ಇವಳು ಹದಿನಾಲ್ಕು ತಿಂಗಳಿಂದ ತನಗೆ ತಾನೇ ಹೇಳಿಕೊಂಡಿರಲಿಲ್ಲ, ಸಿಟ್ಟು ಈಗ ಎತ್ತ ಹೋಗಬೇಕೋ ತಿಳಿಯದೆ ಹುಡುಗಿಯ ಮೇಲೇ ತಿರುಗಿತು, ಯಾರು ಕಲಿಸಿದರು ನಿನಗೆ ಈ ತ್ಯಾಗ, ನಾನಂತೂ ಕಲಿಸಲಿಲ್ಲ, ಕಪಾಳಕ್ಕೆ ಎರಡು ಬಿಗಿದು ಮನೆಗೆ ಎಳೆದುಕೊಂಡು ಹೋಗಬೇಕು, ಆದರೆ ಸಹಿ ಮುಗಿದಿತ್ತು, ದೊಡ್ಡವಳಾದ ಮೇಲೆ ಅವಳು ಹಾಕಿದ ಮೊದಲ ಸಹಿ, ಶಾಲೆಯ ಪುಸ್ತಕದ ಮೇಲೆ ಹೆಸರು ಬರೆದ ಹಾಗೆ ದುಂಡಗೆ. ಗಂಡ ಗೋಡೆಯ ಕಡೆ ತಿರುಗಿ ನಿಂತ. ಬೆರಳಚ್ಚು ಕೊಡಿ, ಅಂದಳು ಅಧಿಕಾರಿಣಿ, ಕಿಂಡಿಯ ಪಕ್ಕ ಹಸಿರು ಬೆಳಕಿನ ಸಣ್ಣ ಗಾಜು, ಹುಡುಗಿ ನಾಲ್ಕು ಬೆರಳು ಇಟ್ಟಳು, ಒತ್ತಿ ಮೇಡಂ, ಬರ್ತಿಲ್ಲ, ಕೈ ಬೆವತಿದೆ, ಒರೆಸಿಕೊಳ್ಳಿ, ಹುಡುಗಿ ಲಂಗಕ್ಕೆ ಒರೆಸಿಕೊಂಡು ಮತ್ತೆ ಇಟ್ಟಳು, ಮತ್ತೆ ಬರಲಿಲ್ಲ, ಇನ್ನಷ್ಟು ಒತ್ತಿದಳು, ಉಗುರು ಬಿಳಿಯಾಗುವಷ್ಟು. ಇವಳು ಕೈ ಚಾಚಿ ಆ ಬೆರಳುಗಳ ಮೇಲೆ ತನ್ನ ಬೆರಳಿಟ್ಟು ಒತ್ತಿದರೆ ಬಂದೀತು, ಪ್ಲಾಸ್ಟರು ಒತ್ತಿ ಒತ್ತಿ ಗಟ್ಟಿಯಾದ ಕೈ, ಒತ್ತಲಾರಳು, ಒತ್ತುವುದಿಲ್ಲ, ಈ ಒಂದು ಕೆಲಸವನ್ನು ಮಾತ್ರ ಇವರಿಗೆ ಮಾಡಿಕೊಡುವುದಿಲ್ಲ. ಟಿಂವ್ ಅಂತ ಸದ್ದಾಯಿತು. ಆಯ್ತು, ಇನ್ನೊಂದು ಕೈ. ಟಿಂವ್. ಹುಡುಗಿ ಕೈ ತೆಗೆದಳು, ಗಾಜಿನ ಮೇಲೆ ಬೆವರಿನ ನಾಲ್ಕು ದುಂಡು ಗುರುತು ಉಳಿದವು, ಕಿರುಬೆರಳಿನದು ತುಸು ದೂರ, ಯಾವಾಗಲೂ ಹಾಗೇ ಅವಳದು, ಅಧಿಕಾರಿಣಿ ಕಿಂಡಿಯಿಂದ ಕೈ ಹೊರ ಚಾಚಿ ನೀಲಿ ಬಟ್ಟೆಯಿಂದ ಒರೆಸುತ್ತಾಳೆ, ಮುಂದಿನವರು ಬನ್ನಿ ಅನ್ನುತ್ತಾಳೆ, ಇವಳು ಏಳುವುದಿಲ್ಲ, ನಾಲ್ಕು ದುಂಡು ಗುರುತು, ಬಟ್ಟೆ, ಮೂರು ಅಳಿಸಿವೆ, ಕಿರುಬೆರಳಿನದು ಇನ್ನೂ ಇದೆ, ಗಾಜಿನ ಅಂಚಿಗೆ, ಹಸಿರು ಬೆಳಕಿನಲ್ಲಿ, ಕಿರುಬೆರಳಿನದು ಇನ್ನೂ